ಅಂಗಡಿ ಬಿಟ್ಟವರ ಕಥೆ ಬರೆಯುವ ತಮ್ಮನಿಗೆ

ಪ್ರೀತಿಯ ತಮ್ಮಾ,

ನಿನ್ನ ಮಾವ ಬಂದರಿನ ಹೋಲ್‌ಸೇಲ್ ಅಂಗಡಿ ಬಿಟ್ಟು ಕ್ರಿಸ್ತನ ಸುವಾರ್ತೆ ಸಾರುವ ಸೇವೆಗೆ ಇಳಿದದ್ದನ್ನ ಬರ್ದು ಕಳಿಸಿದ್ದಿಯಲ್ಲ, ನಿಧಾನಕ್ಕೆ ಕೂತು ಓದಿದೆ. ಮಾವನ ಮೇಲೆ ನಿನಗಿರುವ ಪ್ರೀತಿ ಸಾಲು ಸಾಲಲ್ಲೂ ಉಂಟು. ಆದ್ರೆ ಅಂಗಡಿ ಮೊದಲ ಪ್ಯಾರಾದಲ್ಲೇ ಮುಗಿದು ಹೋಯ್ತು ಮಾರಾಯ, "ದುಡ್ಡಿನ ಹಿಂದೆ ಓಡ್ತಿದ್ರು" ಅಂತ ಒಂದು ಮಾತು, ಅಷ್ಟೇ. ಏನು ಬಿಟ್ರು ಅಂತಲೇ ಗೊತ್ತಾಗದಿದ್ರೆ ಬಿಡೋದು ಎಷ್ಟು ಕಷ್ಟ ಇತ್ತು ಅಂತ ಓದುವವರಿಗೆ ಹೇಗೆ ಗೊತ್ತಾಗ್ಬೇಕು?

ವ್ಯಾಪಾರ ಬಿಟ್ಟು ಸುವಾರ್ತೆ ಸಾರಲು ಹೊರಟ ಅಮೆರಿಕದ ಡಿ. ಎಲ್. ಮೂಡಿ ಅವರನ್ನೇ ತಗೋ. ಚಿಕಾಗೋದಲ್ಲಿ ಬೂಟಿನ ವ್ಯಾಪಾರ, ಒಳ್ಳೆ ಕಮಿಷನ್, ಲಕ್ಷ ಡಾಲರ್ ಮಾಡ್ಲೇಬೇಕು ಅನ್ನುವ ಹಟ. ಭಾನುವಾರ ಮಕ್ಕಳಿಗೆ ಬೈಬಲ್ ಕಲಿಸುವ ಅವರ ಸಂಡೇ ಸ್ಕೂಲಿನ ಒಬ್ಬ ಟೀಚರಿಗೆ ಶ್ವಾಸಕೋಶದ ಕಾಯಿಲೆ ಜೋರಾಗಿ ಊರು ಬಿಡುವ ಪರಿಸ್ಥಿತಿ ಬಂತು, ಆ ಮನುಷ್ಯನಿಗೆ ಸಾವಿಗಿಂತ ತನ್ನ ಕ್ಲಾಸಿನ ಹುಡುಗಿಯರು ಒಬ್ರೂ ಕ್ರಿಸ್ತನ ಹತ್ರ ಬರ್ಲಿಲ್ಲವಲ್ಲ ಅನ್ನುವ ಸಂಕಟ. ಮೂಡಿ ಗಾಡಿ ಮಾಡಿ ಅವನನ್ನ ಕೂರಿಸ್ಕೊಂಡು ಆ ಹುಡುಗಿಯರ ಮನೆ ಮನೆಗೆ ಹೋದ್ರು. ಅವನು ಹೊರಡುವ ಹಿಂದಿನ ರಾತ್ರಿ ಹುಡುಗಿಯರೆಲ್ಲ ಸೇರಿ ಅವನಿಗಾಗಿ ಪ್ರಾರ್ಥನೆ ಮಾಡಿದ್ರು. ಅದನ್ನ ಕಂಡ ಮೇಲೆ ವ್ಯಾಪಾರದ ಆಸೆಯೇ ಹೋಯ್ತು ಅಂತ ಮೂಡಿ ಹೇಳ್ಕೊಂಡಿದ್ದಾರೆ, 1860ರಲ್ಲಿ ಬಿಟ್ಟೇ ಬಿಟ್ರು. ಲಕ್ಷ ಡಾಲರಿನ ಹಟ ಮೊದಲೇ ಗೊತ್ತಿದ್ದದ್ದಕ್ಕೆ ಆ ರಾತ್ರಿ ನಮ್ಮ ಎದೆಗೆ ತಾಗ್ತದೆ.

ಮತ್ತೆ, ವ್ಯಾಪಾರವನ್ನ ಪಾಪದ ಹಾಗೆ ಬರೀಬೇಡ, ಅದೂ ಮಂಗಳೂರಲ್ಲಿ ಕೂತು. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಇಲ್ಲಿಗೆ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಸುವಾರ್ತೆ ಸಾರುತ್ತಲೇ ಬಲ್ಮಠದಲ್ಲಿ ಪ್ರೆಸ್ಸು, ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಎಲ್ಲ ಮಾಡಿದವರು, ಕ್ರೈಸ್ತರಾದ್ರು ಅಂತ ಮನೆ ಕಸುಬು ಕಳ್ಕೊಂಡವರಿಗೆ ಅನ್ನದ ದಾರಿ ಬೇಕಿತ್ತಲ್ಲ. ನಿನ್ನ ಮಾವ ಬಿಟ್ಟದ್ದೂ ಮರ್ಯಾದೆಯ ದುಡಿಮೆಯನ್ನೇ.

ಹಾಗಾಗಿ ಪುನಃ ಹೋಗಿ ಕೇಳು. ಉದ್ರಿ ಪುಸ್ತಕ ಯಾರ ಕೈಗೆ ಕೊಟ್ರು, ಬಾರದ ಬಾಕಿಯ ಮೇಲೆ ಗೆರೆ ಎಳೆದ್ರಾ, ಮೂಟೆ ಹೊರುತ್ತಿದ್ದವರಿಗೆ ಏನು ಹೇಳಿದ್ರು, ಬ್ಯಾಂಕ್ ಲೋನ್ ಏನಾಯ್ತು. ದೇವರು ಕರೆದ ದಿನದ ಬಗ್ಗೆ ಮಾವ ಆಡಿದ ಮಾತು ಹಾಗೇ ಇರ್ಲಿ, ನಿನ್ನ ವರ್ಣನೆ ಸೇರಿಸ್ಬೇಡ. ಅತ್ತೆಯ ಹತ್ರ ಬೇರೆಯೇ ಕೂತು ಮಾತಾಡು, ಸಂಬಳ ಇಲ್ಲದ ತಿಂಗಳಲ್ಲಿ ರೇಷನ್ನು, ಮಕ್ಕಳ ಫೀಸು ನೋಡ್ಕೊಂಡದ್ದು ಅವರಲ್ವಾ, ನಿನ್ನ ಬರಹದಲ್ಲಿ ಅವರಿಗೆ ಒಂದು ಮಾತೂ ಇಲ್ಲ, ನನಗೆ ತುಂಬಾ ಬೇಜಾರಾದದ್ದು ಅದೇ. ಅವರು ಆಗ ಒಪ್ಪದೆ ಇದ್ದಿದ್ರೆ ಅದನ್ನೂ ಬರಿ.

ಅತ್ತೆಯ ಮಾತು ಸೇರಿದ ಮೇಲೆ ಕಳಿಸು, ಉದ್ದ ಆದ್ರೂ ಪರ್ವಾಗಿಲ್ಲ, ಓದ್ತೇನೆ.

ನಿನ್ನ ಅಣ್ಣ