ನಸುಗುನ್ನಿ ಒಣಗುವ ಮುಂಚೆ ಬೇಲಿ ಸವರಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕಡೆ ರಸ್ತೆ ಬದಿಯ ಬೇಲಿ, ಪೊದೆ ಸವರುವ ಕೆಲಸ ಶುರುವಾಗುವುದೇ ಜನವರಿ ಕಳೆದ ಮೇಲೆ. ಅಷ್ಟು ಹೊತ್ತಿಗೆ ಬೇಲಿ ಮೇಲೆ ಹಬ್ಬಿದ ನಸುಗುನ್ನಿ ಎಂಬ ತುರಿಕೆ ಬಳ್ಳಿಯ ಕಾಯಿ ಚೆನ್ನಾಗಿ ಒಣಗಿರುತ್ತದೆ. ಅದಕ್ಕೆ ಕತ್ತಿ ಬಿದ್ದರೆ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಆದರೆ ಕೆಲಸದ ದಿನ ಗೊತ್ತು ಮಾಡುವವರಿಗೆ ಹೇಳಲೇಬೇಕು.

ಮೊನ್ನೆ ಬೆಳಿಗ್ಗೆ ಕೆರೆ ಏರಿ ಮೇಲೆ ವಾಕಿಂಗ್ ಹೊರಟಿದ್ದೆ. ಮೂರ್ನಾಲ್ಕು ಜನ ಹೆಂಗಸರು ಬೇಲಿ ಸವರುತ್ತಿದ್ದರು. ನಾನು ಯಾವ ಬಳ್ಳಿಯನ್ನೂ ಮುಟ್ಟಲಿಲ್ಲ, ಸುಮ್ನೆ ಪಕ್ಕದಲ್ಲಿ ಹಾದು ಹೋದೆ. ಸ್ವಲ್ಪ ಹೊತ್ತಿಗೆ ಕುತ್ತಿಗೆ ಹಿಂದೆ ಚುರುಚುರು ಅಂತು, ಆಮೇಲೆ ಮೊಣಕೈ, ಆಮೇಲೆ ಕಾಲರ್ ತಾಗುವಲ್ಲೆಲ್ಲ ಉರಿಯೂ ತುರಿಕೆಯೂ ಒಟ್ಟಿಗೇ. ಉಜ್ಜಿಕೊಳ್ಳಲು ಕೈ ಎತ್ತಿದ್ದೇ ತಡ, ಅವರಲ್ಲೊಬ್ಬರು ಕೂಗಿದರು: 'ಉಜ್ಬೇಡಿ ಮಾರಾಯ್ರೆ, ಉಜ್ಜಿದಷ್ಟೂ ಒಳಗೆ ಹೋಗುತ್ತೆ! ಆ ಕೈಯಲ್ಲಿ ಕಣ್ಣು ಮುಟ್ಬೇಡಿ!' ಅವರ ಕೈ ನೋಡಿದೆ. ಸೀರೆ ಮೇಲೆ ಗಂಡನ ಹಳೇ ಅಂಗಿ ಹಾಕಿಕೊಂಡು, ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರು. ಅಂಗಿಯ ತೋಳು ಮುಗಿಯುವಲ್ಲಿಂದ ಬೆರಳಿನ ತನಕ ಕೆಂಪು ದದ್ದು. ಗ್ಲೌಸ್ ಕೊಟ್ಟಿಲ್ವಾ ಅಂತ ಕೇಳಿದರೆ ನಕ್ಕರು.

ಇದು ಬರೀ ತಮಾಷೆಯ ತುರಿಕೆ ಅಂತ ತಿಳಿದವರೇ ಜಾಸ್ತಿ. ಶಾಲೆಯಲ್ಲಿ ಪಕ್ಕದವನ ಬೆಂಚಿಗೆ ಉದುರಿಸಿ ಮಜಾ ನೋಡಿದ ತಲೆಮಾರು ನಮ್ಮದು, ಅದೂ ಒಂದು ಕಾರಣ ಇರಬಹುದು. ಕಾಯಿ ಮೇಲಿನ ಹೊಂಬಣ್ಣದ ಸುಂಕು, ಅಂದರೆ ನವಿರು ಕೂದಲು, ನೋಡಲು ಮಖಮಲ್ಲಿನಂತೆ ಕಾಣುತ್ತದೆ. ಒಂದೊಂದು ಎಳೆಯೂ ಸಣ್ಣ ಮುಳ್ಳು. ಅದು ಚರ್ಮಕ್ಕೆ ಚುಚ್ಚಿಕೊಂಡ ಮೇಲೆ ಅದರಲ್ಲಿರುವ ಮ್ಯುಕುನೈನ್ ಎಂಬ ಪ್ರೋಟೀನು ತುರಿಕೆ ಎಬ್ಬಿಸುತ್ತದೆ. ವಿಜ್ಞಾನಿಗಳು 1955ರಲ್ಲೇ ಇದನ್ನು ಗುರುತಿಸಿದ್ದಾರೆ. ಸಾಮಾನ್ಯ ಅಲರ್ಜಿಯಲ್ಲಿ ಮೈಯಲ್ಲೇ ಹುಟ್ಟುವ ಹಿಸ್ಟಮಿನ್ ಎಂಬ ರಾಸಾಯನಿಕ ಕೆಲಸ ಮಾಡಿದರೆ ಇಲ್ಲಿ ನಡೆಯುವುದು ಬೇರೆ ದಾರಿ. ಹಾಗಾಗಿಯೇ ಅಂಗಡಿಯಿಂದ ತಂದ ಅಲರ್ಜಿ ಮಾತ್ರೆಗೆ ಈ ತುರಿಕೆ ಅಷ್ಟಾಗಿ ಬಗ್ಗುವುದಿಲ್ಲ.

ಹಳ್ಳಿಯಲ್ಲಿ ಸಗಣಿ ಬಳಿದು ಒಣಗಿದ ಮೇಲೆ ಕಿತ್ತು ತೆಗೆಯುತ್ತಾರೆ. ಸುಂಕು ಅದಕ್ಕೆ ಅಂಟಿಕೊಂಡು ಬರುತ್ತದೆ ಅನ್ನುವ ಲೆಕ್ಕ ಸರಿಯೇ. ಆದರೆ ಕೆರೆದು ಗಾಯವಾದ ಚರ್ಮಕ್ಕೆ ಸಗಣಿ ನನಗಂತೂ ಒಪ್ಪಿಗೆ ಇಲ್ಲ, ಧನುರ್ವಾಯು ಅಂತ ಒಂದಿದೆ ಅಲ್ವಾ. ಅಂಟು ಟೇಪನ್ನು ಮೆಲ್ಲಗೆ ಒತ್ತಿ ಕಿತ್ತರೂ ಅದೇ ಕೆಲಸ ಆಗುತ್ತದೆ. ಕಣ್ಣಿಗೆ ಬಿದ್ದರೆ ಮಾತ್ರ ಮನೆಮದ್ದು ಬೇಡ, ಧಾರಾಳ ನೀರಿನಲ್ಲಿ ತೊಳೆದು ಸೀದಾ ಡಾಕ್ಟರ ಹತ್ತಿರ ಹೋಗಬೇಕು. ಇನ್ನು ಬಟ್ಟೆ. ಸುಂಕು ಒಣಗಿ ಎಷ್ಟು ದಿನವಾದರೂ ಅದರ ತುರಿಕೆ ಹೋಗುವುದಿಲ್ಲ, ಆದರೆ ಕುದಿಸಿದರೆ ಆ ಪ್ರೋಟೀನು ಕೆಡುತ್ತದೆ. ಆ ಬಟ್ಟೆಗಳನ್ನು ಬೇರೆಯಾಗಿಟ್ಟು ಕುದಿಯುವ ನೀರಿಗೆ ಹಾಕಿ, ಮಕ್ಕಳ ಬಟ್ಟೆ ಜೊತೆ ಬೇಡ.

ಹಾಗಂತ ನಸುಗುನ್ನಿಯನ್ನು ಬೇರು ಸಮೇತ ನಿರ್ನಾಮ ಮಾಡಿ ಅಂತ ನಾನು ಹೇಳುತ್ತಿಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್-ಡೋಪಾ ಇದರ ಬೀಜದಲ್ಲೇ ಇದೆ, ಆಯುರ್ವೇದದಲ್ಲಿ ಕಪಿಕಚ್ಚು ಅನ್ನುವುದು ಇದನ್ನೇ. ಸುಂಕಿನ ಕಾಟ ಇಲ್ಲದ ಇದರದೇ ಒಂದು ತಳಿಯನ್ನು ತೋಟಗಳಲ್ಲಿ ಹೊದಿಕೆ ಬೆಳೆಯಾಗಿಯೂ ಹಾಕುತ್ತಾರೆ. ಕಾಡಿನೊಳಗೆ ಅದರ ಪಾಡಿಗೆ ಅದು ಇರಲಿ. ಜನ ಓಡಾಡುವ ದಾರಿ, ಶಾಲೆ ಬೇಲಿ, ಬಸ್ ಸ್ಟಾಪಿನ ಹಿಂದೆ ಇರುವುದನ್ನು ಮಾತ್ರ ಹೊತ್ತಿಗೆ ಸರಿಯಾಗಿ ತೆಗೆಯಲಿ.

ಆ ಹೊತ್ತು ಅಂದರೆ ಮಳೆ ಕಡಿಮೆಯಾಗಿ, ಕಡು ನೇರಳೆ ಹೂವಿನ ಗೊಂಚಲು ಜೋತು ಬಿದ್ದಿರುವಾಗ. ಆಗ ಬುಡದಲ್ಲಿ ಕೊಯ್ದರೆ ಸುಂಕೂ ಏಳುವುದಿಲ್ಲ, ಆ ಬಳ್ಳಿಯ ಬೀಜವೂ ಉದುರುವುದಿಲ್ಲ. ವರ್ಷ ವರ್ಷ ಬೀಜದಿಂದಲೇ ಬರುವ ಬಳ್ಳಿ ಇದು, ಹೀಗೆ ಮಾಡುತ್ತಾ ಹೋದರೆ ತಾನಾಗಿ ಕಡಿಮೆಯಾಗುತ್ತದೆ. ಖರ್ಚು ಜಾಸ್ತಿ ಏನೂ ಇಲ್ಲ, ಅದೇ ಆಳು, ಅದೇ ಕತ್ತಿ, ತಿಂಗಳು ಮಾತ್ರ ಬೇರೆ.

ಈ ವರ್ಷದ್ದು ಹೇಗೂ ಒಣಗಿ ಆಗಿದೆ. ಉಳಿದ ಬೇಲಿ ಸವರುವವರಿಗೆ ದಪ್ಪ ಗ್ಲೌಸ್, ಕನ್ನಡಕ ಕೊಡಿ. ಕೆಲಸ ನಡೆಯುವ ಕಡೆ ಎರಡೂ ತುದಿಗೆ ಒಂದೊಂದು ಕೆಂಪು ಬಟ್ಟೆ ಕಟ್ಟಿ, ನಡೆಯುವವರು ಬೇರೆ ದಾರಿ ಹಿಡಿಯುತ್ತಾರೆ.

ಇಂತಿ,
ಒಬ್ಬ ಓದುಗ, ಸಾಗರ ತಾಲ್ಲೂಕು