ಅಂಗಡಿ ಲೆಕ್ಕ ತರಗತಿಗೂ ಬರಲಿ

ಮಾನ್ಯ ಸಂಪಾದಕರೇ,

ಒಂದರಿಂದ ಮೂರನೇ ತರಗತಿಯ ಮಕ್ಕಳು ಶಾಲೆಯಲ್ಲಿ ಏನು ಕಲಿಯುತ್ತಿದ್ದಾರೆ ಅನ್ನುವುದನ್ನು ಪೋಷಕರು ನೋಟ್‌ಬುಕ್ ನೋಡಿ ತಿಳಿದುಕೊಳ್ಳುತ್ತಾರೆ. ನನಗೆ ಅದು ಗಲ್ಲಾಪೆಟ್ಟಿಗೆ ಹಿಂದೆ ಕೂತೇ ಗೊತ್ತಾಗುತ್ತದೆ. ಸುಂಕದಕಟ್ಟೆಯಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿ. ಹತ್ತಿರದಲ್ಲಿ ಒಂದು ಸರ್ಕಾರಿ ಶಾಲೆ, ಎರಡು ಕಾನ್ವೆಂಟು. ಶಾಲೆ ಬಿಡುವ ಹೊತ್ತಿಗೆ ಅಂಗಡಿ ಮುಂದೆ ಬರೀ ಯೂನಿಫಾರಂಗಳೇ. ನಾನು ಓದಿರುವುದು ಎಸ್ಸೆಸ್ಸೆಲ್ಸಿವರೆಗೆ. ಪಾಠ ಹೇಳಿದವಳಲ್ಲ. ಆದರೆ ಈ ಮಕ್ಕಳ ಲೆಕ್ಕ ದಿನಾ ನನ್ನ ಎದುರೇ ನಡೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂರನೇ ತರಗತಿಯ ಒಬ್ಬಳು ಹುಡುಗಿ, ಅವಳಮ್ಮ ಗಾರ್ಮೆಂಟ್ಸ್‌ನಿಂದ ಬರುವವರೆಗೆ ನಮ್ಮ ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡುತ್ತಾಳೆ. ಮೂರಂಕಿಯ ಕಳೆಯುವ ಲೆಕ್ಕ. ದಶಕದಿಂದ ಸಾಲ ತೆಗೆದುಕೊಂಡು, ಮೇಲೆ ಚಿಕ್ಕದಾಗಿ ಅಂಕಿ ತಿದ್ದಿ, ಎಲ್ಲಾ ಸರಿಯಾಗಿ ಮಾಡುತ್ತಾಳೆ. ಅಕ್ಷರವೂ ಮುತ್ತಿನಂಗೆ. ಅದೇ ಹುಡುಗಿ ಐವತ್ತರ ನೋಟು ಕೊಟ್ಟು ಮೂವತ್ತೆರಡು ರೂಪಾಯಿಯ ಸಾಮಾನು ತೆಗೆದುಕೊಂಡಳು. 'ನಿನಗೆ ವಾಪಸ್ ಎಷ್ಟು ಕೊಡ್ಲಿ ಪುಟ್ಟಿ?' ಅಂದೆ. ನನ್ನ ಮುಖವನ್ನೇ ನೋಡಿದಳು. ಆಮೇಲೆ, 'ಬುಕ್ ತೆಗೀಲಾ ಆಂಟಿ?' ಅಂದಳು.

ಇನ್ನೊಬ್ಬ ಹುಡುಗ ಇದ್ದಾನೆ. ಅವನೂ ಅದೇ ತರಗತಿ, ಬೇರೆ ಶಾಲೆ. ಅವರಮ್ಮ ಸಂಜೆ ನಮ್ಮ ಎದುರಿಗೇ ಹೂವಿನ ಗಾಡಿ ನಿಲ್ಲಿಸುತ್ತಾರೆ. ಹಬ್ಬದ ಹಿಂದಿನ ದಿನ ಮಲ್ಲಿಗೆ ಮೊಳ ನಲವತ್ತು. ಯಾರೋ ಮೂರೂವರೆ ಮೊಳ ತೆಗೆದುಕೊಂಡು ಇನ್ನೂರು ಕೊಟ್ಟರು. ಅಮ್ಮ ಪರ್ಸು ತೆಗೆಯುವಷ್ಟರಲ್ಲಿ ಇವನು, 'ನೂರಾ ನಲವತ್ತಾಯ್ತು, ಅರವತ್ತು ಕೊಡಮ್ಮ' ಅಂದ. ಬೆರಳೂ ಎಣಿಸಲಿಲ್ಲ. ನನಗೆ ಕುತೂಹಲ ಆಯ್ತು. ಬಿಲ್ಲಿನ ಹಿಂಬದಿಯಲ್ಲಿ 200, ಅದರ ಕೆಳಗೆ 140 ಬರೆದು, ಮಧ್ಯೆ ಕಳೆಯುವ ಗುರುತು ಹಾಕಿ ಕೊಟ್ಟೆ. ಉತ್ತರ 140 ಅಂತ ಬರೆದ! ಹೇಗೆ ಅಂದರೆ, ಸೊನ್ನೆಯಲ್ಲಿ ಸೊನ್ನೆ ಹೋದರೆ ಸೊನ್ನೆ. ಪಕ್ಕದಲ್ಲಿ ನಾಲ್ಕು ಮತ್ತು ಸೊನ್ನೆ ಇದೆ, ದೊಡ್ಡದರಲ್ಲಿ ಸಣ್ಣದು ಕಳೆದು ನಾಲ್ಕು. ಎರಡರಲ್ಲಿ ಒಂದು ಹೋದರೆ ಒಂದು. ಹೂವಿನ ಲೆಕ್ಕ ಮಾಡಿದ್ದೂ ಅದೇ ತಲೆ, ಇದನ್ನು ಬರೆದದ್ದೂ ಅದೇ ತಲೆ. ಎರಡೂ ಒಂದೇ ಲೆಕ್ಕ ಅಂತ ಅವನಿಗೆ ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟೇ.

ಇದು ನಮ್ಮ ರಸ್ತೆಯ ಎರಡು ಮಕ್ಕಳ ಕಥೆ ಮಾತ್ರ ಅಂದುಕೊಂಡಿದ್ದೆ. ಪಿಯುಸಿ ಓದುವ ಮಗ ಮೊಬೈಲಿನಲ್ಲಿ ಒಂದು ಸುದ್ದಿ ತೋರಿಸಿದ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ತಮ್ಮ ಸಂಗಡಿಗರ ಜೊತೆ ಸೇರಿ ಇದನ್ನೇ ಅಧ್ಯಯನ ಮಾಡಿದ್ದಾರೆ. 2025ರಲ್ಲಿ 'ನೇಚರ್' ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂದಿದೆ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ 1,436 ಮಕ್ಕಳನ್ನು ನೋಡಿದ್ದಾರೆ. ವ್ಯಾಪಾರದಲ್ಲಿ ಇವರೆಲ್ಲ ಬಾಯಿಲೆಕ್ಕದ ಹುಲಿಗಳು. ಅದಕ್ಕಿಂತ ಸುಲಭದ ಲೆಕ್ಕವನ್ನು ಶಾಲೆಯಲ್ಲಿ ಬರೆಯುವಂತೆ ಕಾಗದದ ಮೇಲೆ ಕೊಟ್ಟರೆ ತಡವರಿಸಿದ್ದಾರೆ. ಅಲ್ಲೇ ಹತ್ತಿರದ ಶಾಲೆಗಳ 471 ಮಕ್ಕಳನ್ನೂ ನೋಡಿದ್ದಾರೆ. ಇವರಿಗೆ ಕಾಗದದ ಮೇಲಿನ ಸಣ್ಣ ಲೆಕ್ಕಗಳು ಬರುತ್ತವೆ, ವ್ಯಾಪಾರದ್ದು ಬರುವುದಿಲ್ಲ. ದುಡಿಯುವ ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಬಿಡಿಸಿದ ಒಂದು ವ್ಯಾಪಾರದ ಲೆಕ್ಕವನ್ನು ಶಾಲೆಯ ಮಕ್ಕಳಲ್ಲಿ ಬಿಡಿಸಿದವರು ನೂರಕ್ಕೆ ಒಬ್ಬರು!

ಹಾಗಂತ ಮಕ್ಕಳನ್ನು ಗಾಡಿ ಮುಂದೆ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಆ ಹುಡುಗ ಓದಲಿ ಅಂತಲೇ ಅವರಮ್ಮ ಅಷ್ಟು ಕಷ್ಟಪಡುತ್ತಿರುವುದು. ಗಾಡಿಯಲ್ಲಿ ಇರುವ ಲೆಕ್ಕ ತರಗತಿಗೂ ಬರಲಿ ಅನ್ನುವುದಷ್ಟೇ ನನ್ನ ಮಾತು.

ಮೊದಲೆಲ್ಲ ಇದಕ್ಕೆ ಶಾಲೆಯೇ ಬೇಕಿರಲಿಲ್ಲ. 'ಅರ್ಧ ಲೀಟರ್ ಹಾಲು ತಗೊಂಡು ಚಿಲ್ಲರೆ ಎಣಿಸ್ಕೊಂಡು ಬಾ' ಅಂತ ಮನೆಯಲ್ಲೇ ಕಳಿಸುತ್ತಿದ್ದರು. ಈಗ ಅಮ್ಮ ಮನೆಯಿಂದಲೇ ಫೋನ್‌ನಲ್ಲಿ ಹಣ ಹಾಕುತ್ತಾಳೆ, ಮಗು ಬಂದು ಪ್ಯಾಕೆಟ್ ತೆಗೆದುಕೊಂಡು ಹೋಗುತ್ತದೆ. ನಮ್ಮ ಡಬ್ಬಿಯೇ 'ಇಷ್ಟು ರೂಪಾಯಿ ಬಂತು' ಅಂತ ಕೂಗಿಬಿಡುತ್ತದೆ. 2025ರ ಜುಲೈನಲ್ಲಿ, ಯುಪಿಐಗೆ ಬಂದ ಹಣ ನೋಡಿ ತೆರಿಗೆ ಇಲಾಖೆ ಕಳಿಸಿದ ಜಿಎಸ್‌ಟಿ ನೋಟಿಸ್ ಗಲಾಟೆ ಆದಾಗ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳು 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಬೋರ್ಡು ಹಾಕಿದ್ದವಲ್ಲ, ನಾವೂ ಹಾಕಿದ್ದೆವು. ಆಗ ಮಕ್ಕಳ ಕೈಗೆ ಮತ್ತೆ ನೋಟು, ನಾಣ್ಯ ಬಂತು. ಒಂದು ರೂಪಾಯಿ ಯಾವುದು, ಎರಡು ರೂಪಾಯಿ ಯಾವುದು ಅಂತ ತಿರುಗಿಸಿ ತಿರುಗಿಸಿ ನೋಡುತ್ತಿದ್ದವು. (ಆ ನಾಣ್ಯಗಳೂ ಹಾಗೇ ಇವೆ ಬಿಡಿ, ನನಗೇ ಎಷ್ಟೋ ಸಲ ಕನ್ನಡಕ ಬೇಕಾಗುತ್ತದೆ.) ಪುಸ್ತಕದಲ್ಲಿ 'ಹಣ' ಅಂತ ಪಾಠ ಇದೆ. ನೋಟಿನ ಚಿತ್ರದ ಕೆಳಗೆ ಅದರ ಬೆಲೆ ಬರೆಯಬೇಕು. ಚಿತ್ರದಲ್ಲೇ 50 ಅಂತ ಅಚ್ಚಾಗಿರುತ್ತದೆ. ಅದನ್ನೇ ನೋಡಿ ಬರೆದರೆ ಆಯ್ತು, ಟಿಕ್ ಮಾರ್ಕು ಸಿಗುತ್ತದೆ.

ಪ್ರಾಜೆಕ್ಟ್ ವಿಷಯ ಹೇಳದಿದ್ದರೆ ಆಗುವುದಿಲ್ಲ. ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ಯಾವುದಾದರೂ ಅಪ್ಪನೋ ಅಮ್ಮನೋ ಓಡಿ ಬರುತ್ತಾರೆ. 'ತರಕಾರಿ ಚಾರ್ಟ್ ಇದೆಯಾ? ನಾಳೆನೇ ಕೊಡ್ಬೇಕಂತೆ.' ಎರಡನೇ ತರಗತಿ ಮಗು, ತರಕಾರಿಗಳ ಚಿತ್ರ ಕತ್ತರಿಸಿ ಅಂಟಿಸಬೇಕು. ಐದು ರೂಪಾಯಿಗೆ ಅಚ್ಚು ಹಾಕಿದ ಹಾಳೆ ಕೊಡುತ್ತೇನೆ. ಕತ್ತರಿಸುವವರು ಅಪ್ಪ, ಅಂಟಿಸುವವರು ಅಮ್ಮ. ಮಗು ಆಗಲೇ ನಿದ್ದೆ ಹೋಗಿರುತ್ತದೆ. ಅಲ್ಲೇ ಅವರ ಕಾಲ ಬುಡದಲ್ಲಿ ನಮ್ಮ ಕ್ರೇಟಿನಲ್ಲಿ ಬದನೆಕಾಯಿ, ಹೀರೆಕಾಯಿ, ನವಿಲುಕೋಸು ಇರುತ್ತವೆ. ಒಂದು ಹೀರೆಕಾಯಿಯನ್ನು ಶಾಲೆಗೆ ಒಯ್ದರೆ ಮುಟ್ಟಿ ನೋಡಬಹುದು, ತೂಗಬಹುದು, ಕತ್ತರಿಸಿ ಬೀಜ ಎಣಿಸಬಹುದು. ಚಾರ್ಟಿಗಿಂತ ಅಗ್ಗವೇನಲ್ಲ ಅನ್ನಿ, ಆದರೆ ವಾಪಸ್ ತಂದು ಸಾರು ಮಾಡಬಹುದು.

ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಇದೆ. ಆಂಧ್ರದ ಋಷಿ ವ್ಯಾಲಿ ಶಾಲೆಯ ಮಾದರಿ ನೋಡಿ 1995ರಲ್ಲಿ ನಮ್ಮ ಎಚ್.ಡಿ. ಕೋಟೆಯಲ್ಲೇ ಶುರುವಾಗಿ, ಆಮೇಲೆ ಇಡೀ ರಾಜ್ಯಕ್ಕೆ ಬಂತು. ಕಳೆದ ಚುನಾವಣೆಯಲ್ಲಿ ವೋಟು ಹಾಕಲು ಹೋದಾಗ ನಲಿ-ಕಲಿ ಕೋಣೆಯಲ್ಲೇ ಸಾಲು ನಿಂತಿದ್ದೆ. ಮಕ್ಕಳ ಎತ್ತರಕ್ಕೆ ಗೋಡೆಯಲ್ಲೇ ಕಪ್ಪು ಹಲಗೆ, ಮೇಲೆ ದಾರ ಕಟ್ಟಿ ಅವರು ಬಿಡಿಸಿದ ಚಿತ್ರಗಳ ಚಪ್ಪರ, ಮೂಲೆಯಲ್ಲಿ ಕಾರ್ಡುಗಳು. ಬೆಂಚಿಲ್ಲ. ಮೂರು ತರಗತಿಯ ಮಕ್ಕಳು ಒಟ್ಟಿಗೆ ಗುಂಪಾಗಿ ಕೂತು, ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಮೆಟ್ಟಿಲು ಹತ್ತುವ ಪದ್ಧತಿ. ಎಷ್ಟು ಒಳ್ಳೆಯ ಯೋಚನೆ ಅನ್ನಿಸಿತು. ಆದರೆ ನಮ್ಮ ಕಟ್ಟೆ ಮೇಲೆ ತಾಯಂದಿರು ಆಡುವ ಮಾತು ಬೇರೆ. 'ಅಲ್ಲಿ ಬರೀ ಆಟ ಆಡಿಸ್ತಾರೆ, ಏನೂ ಬರೆಸಲ್ಲ. ಕಾನ್ವೆಂಟಲ್ಲಿ ಎಲ್‌ಕೆಜಿಯಿಂದಲೇ ಬರೆಸ್ತಾರೆ.' ಆ ಕಾನ್ವೆಂಟಿನ ಒಬ್ಬ ಹುಡುಗ ರಜೆಯಲ್ಲಿ ಒಂದರಿಂದ ಐನೂರರವರೆಗೆ ಬರೆದು ತಂದಿದ್ದ. 'ಮುನ್ನೂರರ ಹಿಂದಿನದು ಯಾವುದಪ್ಪಾ?' ಅಂತ ಕೇಳಿದೆ. ಇನ್ನೂರ ತೊಂಬತ್ತೊಂದರಿಂದ ಶುರು ಮಾಡಿ ಎಣಿಸಿಕೊಂಡು ಬಂದ.

ಟೀಚರ್‌ಗಳನ್ನು ಬೈದು ಪ್ರಯೋಜನ ಇಲ್ಲ. ಅಂಗಡಿಗೆ ಬರುವ ಒಬ್ಬ ಮಿಸ್ ಹೇಳಿದರು, 'ಒಂದು ದಿನ ಬರೀ ಮಾತಾಡಿಸಿ, ಎಣಿಸಿ, ಆಡಿಸಿ ಕಳಿಸಿದರೆ, ಸಂಜೆನೇ ವಾಟ್ಸಾಪ್ ಗ್ರೂಪಲ್ಲಿ ಇವತ್ತು ಏನೂ ನಡೆದಿಲ್ವಾ ಮಿಸ್ ಅಂತ ಮೆಸೇಜ್ ಬರುತ್ತೆ.' ನೋಟ್‌ಬುಕ್ ತುಂಬಲಿ ಅನ್ನುವುದು ನಮ್ಮದೇ ಹಟ. ಆ ಪುಸ್ತಕಗಳನ್ನು ಮಾರುವವಳು ನಾನು, ನಾನೇ ಹೇಳುತ್ತಿದ್ದೇನೆ. ನಾಲ್ಕು ಗೆರೆ, ಎರಡು ಗೆರೆ, ಬಾಕ್ಸ್ ಪುಸ್ತಕ, ಜೂನ್‌ನಲ್ಲಿ ಕಟ್ಟುಗಟ್ಟಲೆ ಹೋಗುತ್ತವೆ. ಒಂದು, ಎರಡನೇ ತರಗತಿಗೆ ಹೋಂವರ್ಕ್ ಕೊಡಬಾರದು, ಬ್ಯಾಗು ಎರಡು ಕೆಜಿ ದಾಟಬಾರದು ಅಂತ 2019ರಲ್ಲೇ ನಮ್ಮ ರಾಜ್ಯದಲ್ಲಿ ಆದೇಶ ಆಗಿದೆ. ಯಾರಾದರೂ ಒಂದು ಬ್ಯಾಗು ತಂದು ನಮ್ಮ ತಕ್ಕಡಿ ಮೇಲಿಡಿ, ನೋಡೋಣ.

ಇಷ್ಟೆಲ್ಲ ಬರೆಸಿ ಸಿಕ್ಕಿದ್ದೇನು? ಹಳ್ಳಿ ಮಕ್ಕಳ ಕಲಿಕೆ ಅಳೆಯುವ 'ಅಸರ್' ಸಮೀಕ್ಷೆಯ 2024ರ ವರದಿಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಮೂರನೇ ತರಗತಿಯ ಮಕ್ಕಳಲ್ಲಿ ಕಳೆಯುವ ಲೆಕ್ಕ ಮಾಡಬಲ್ಲವರು ಶೇ 33.7. 2022ರಲ್ಲಿ ಶೇ 25.9 ಇತ್ತು, ಏರಿದೆ, ಸಂತೋಷ. ಆದರೂ ಮೂರರಲ್ಲಿ ಒಬ್ಬರು ತಾನೇ? ನಗರದ ಮಕ್ಕಳು ಆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಏರಿಯಾದಲ್ಲಿ ತುಂಬಾ ಜಾಸ್ತಿ ಇರುತ್ತದೆ ಅಂತ ನನಗಂತೂ ಅನ್ನಿಸುವುದಿಲ್ಲ. 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು ಮತ್ತು ಲೆಕ್ಕ ಬರಬೇಕು ಅನ್ನುವುದು ಕೇಂದ್ರದ ನಿಪುಣ್ ಭಾರತ್ ಯೋಜನೆಯ ಗುರಿ.

ನಾನು ಕೇಳುವುದು ದೊಡ್ಡದೇನಲ್ಲ. ನಮ್ಮ ಶಾಲೆಗಳಲ್ಲಿ 'ಮಕ್ಕಳ ಸಂತೆ' ಅಂತ ಮಾಡುತ್ತಾರೆ, ಮೆಟ್ರಿಕ್ ಮೇಳ ಅಂತಲೂ ಅನ್ನುತ್ತಾರೆ. ಚೆನ್ನಾಗಿರುತ್ತದೆ. ಆದರೆ ವರ್ಷಕ್ಕೆ ಒಂದು ಸಲ. ವ್ಯಾಪಾರಕ್ಕೆ ಕೂರುವವರು ದೊಡ್ಡ ತರಗತಿಯವರು, ಸೊಪ್ಪಿನ ಕಟ್ಟು ಕಟ್ಟಿ ರೇಟು ಹೇಳಿಕೊಡುವವರು ಅಪ್ಪ ಅಮ್ಮ. ಸಣ್ಣವರು ಸೀರೆ, ಪಂಚೆ ಉಟ್ಟು ಫೋಟೊಗೆ ನಿಲ್ಲುತ್ತಾರೆ. ಅದರ ಬದಲು ತಿಂಗಳಿಗೊಮ್ಮೆ ಬ್ಯಾಗಿಲ್ಲದೆ ಹೋಗುವ 'ಸಂಭ್ರಮ ಶನಿವಾರ' ಇದೆಯಲ್ಲ, ಅವತ್ತು ಒಂದರಿಂದ ಮೂರನೇ ತರಗತಿಯವರಿಗೆ ಕೋಣೆಯೊಳಗೇ ಸಣ್ಣ ಸಂತೆ ಮಾಡಲಿ. ಅಲಂಕಾರ ಬೇಡ, ಪೋಷಕರೂ ಬೇಡ. ಹುಣಸೆಬೀಜ, ಕಡಲೆಬೀಜ, ನಾಲ್ಕು ನಿಂಬೆಹಣ್ಣು, ನಿಜವಾದ ನಾಣ್ಯಗಳು. ಮುಖ್ಯವಾಗಿ, ವ್ಯಾಪಾರ ಮುಗಿದ ಮೇಲೆ ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಲಿ. ಬಾಯಲ್ಲಿ ಹೇಳಿದ್ದೂ ಬರೆದದ್ದೂ ಒಂದೇ ಅಂತ ಮಗುವಿಗೆ ಕಾಣಬೇಕು. ಈ ಎರಡನೇ ಕೆಲಸ ಬಿಟ್ಟರೆ ಸಂತೆ ಸುಮ್ನೆ ಆಟ ಆಗುತ್ತದೆ. ಖಾಸಗಿ ಶಾಲೆಗಳೂ ಮಾಡಬಹುದು, ಫೀಸಿಗೆ ಹೊಸ ಹೆಸರು ಸೇರಿಸದೆ.

ಪೋಷಕರಿಗೂ ಒಂದು ಮಾತು. ಫೋನ್‌ನಲ್ಲಿ ಹಣ ಹಾಕುವುದು ವಾರಕ್ಕೆ ಒಂದು ದಿನ ಬಿಡಿ. ಮಗುವಿನ ಕೈಗೆ ನೋಟು ಕೊಟ್ಟು ಕಳಿಸಿ, ಚಿಲ್ಲರೆ ಅದೇ ಎಣಿಸಲಿ. ರಷ್ ಇಲ್ಲದ ಹೊತ್ತಿನಲ್ಲಿ ಕಳಿಸಿದರೆ ನಾವು ಅಂಗಡಿಯವರು ಕಾಯುತ್ತೇವೆ. ಸಂಜೆ ಏಳಕ್ಕೆ ಮಾತ್ರ ಬೇಡ.

ನಮ್ಮಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಹಳೇ ಕೈ ತಕ್ಕಡಿ, ತೂಕದ ಕಲ್ಲುಗಳು, ಒಂದು ಸೇರು, ಒಂದು ಪಾವು ಅಟ್ಟದ ಮೇಲಿವೆ. ಸುತ್ತಮುತ್ತಲಿನ ಯಾವ ಶಾಲೆಯವರಾದರೂ ಶನಿವಾರಕ್ಕೆ ಒಯ್ಯಬಹುದು. ಶುಕ್ರವಾರ ಸಂಜೆ ಬಂದು ಹೇಳಿದರೆ ತೊಳೆದು ಇಟ್ಟಿರುತ್ತೇನೆ. ಐವತ್ತು ಗ್ರಾಮಿನ ಕಲ್ಲು ಮಾತ್ರ ಕಳೆದುಹೋಗಿದೆ.

ಇಂತಿ,
ದಿನಸಿ ಅಂಗಡಿಯ ಒಬ್ಬ ಓದುಗಿ
ಸುಂಕದಕಟ್ಟೆ, ಬೆಂಗಳೂರು