‘ಪರವಾಗಿಲ್ಲ ಮೇಡಂ’ ಅಂದರೆ ಬಿಡದ ಥೆರಪಿಸ್ಟ್

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಮನಸ್ಸಿನ ನೋವಿಗೆ ಮಾತಿನಲ್ಲೇ ಚಿಕಿತ್ಸೆ ಕೊಡುವ ಒಳ್ಳೆಯ ಥೆರಪಿಸ್ಟ್‌ ಅನ್ನು ಹುಡುಕುವುದು ಹೇಗೆ ಅಂತ ಲೇಖನ ಬಂದಿತ್ತು. ಡಿಗ್ರಿ ನೋಡಿ, ಎಷ್ಟು ವರ್ಷದ ಅನುಭವ ಇದೆ ಕೇಳಿ, ಯಾವ ಪದ್ಧತಿಯ ಥೆರಪಿ ಮಾಡುತ್ತಾರೆ ವಿಚಾರಿಸಿ ಅಂತೆಲ್ಲ ಇತ್ತು. ತಪ್ಪೇನಿಲ್ಲ. ಆದರೆ ಈ ಮೂರನ್ನೂ ನೋಡಿಕೊಂಡೇ ಹೋಗಿ ಆರು ತಿಂಗಳು ಸುಮ್ನೆ ಕಳೆದವನು ನಾನು. ಅದಕ್ಕೇ ಈ ಪತ್ರ.

ನನ್ನದು ತುಮಕೂರಿನಲ್ಲಿ ಕಾಲೇಜಿನ ಎದುರು ಝೆರಾಕ್ಸ್, ಡಿಟಿಪಿ, ಬೈಂಡಿಂಗ್ ಅಂಗಡಿ. ಮೂರು ವರ್ಷದ ಹಿಂದೆ ಅಪ್ಪ ಇದ್ದಕ್ಕಿದ್ದ ಹಾಗೆ ತೀರಿಕೊಂಡರು. ಅವತ್ತು ಬೆಳಿಗ್ಗೆ ಜಮೀನಿನ ವಿಷಯಕ್ಕೆ ಅವರ ಜೊತೆ ಜಗಳ ಆಡಿ, ತಿಂಡಿಯನ್ನೂ ತಿನ್ನದೇ ಅಂಗಡಿಗೆ ಬಂದಿದ್ದೆ. ಆಮೇಲೆ ದಿನಾ ರಾತ್ರಿ ಮೂರು ಗಂಟೆಗೆ ಎಚ್ಚರ, ಎದೆ ಮೇಲೆ ಯಾರೋ ಕೂತ ಹಾಗೆ. ಇಸಿಜಿ ಮಾಡಿಸಿದರೆ ನಾರ್ಮಲ್. ನಮ್ಮ ಡಾಕ್ಟರೇ ಥೆರಪಿಗೆ ಹೋಗು ಅಂದರು.

ಮೊದಲು ಹೋದವರಿಗೆ ಇಪ್ಪತ್ತು ವರ್ಷದ ಅನುಭವ. ಗೋಡೆ ತುಂಬ ಸರ್ಟಿಫಿಕೇಟು. ಚೆನ್ನಾಗಿಯೇ ಮಾತಾಡುತ್ತಿದ್ದರು, ಮನೆಯಲ್ಲಿ ತುಂಬಿಕೊಂಡು ಬನ್ನಿ ಅಂತ ಇಂಗ್ಲಿಷಿನ ಹಾಳೆ ಕೊಡುತ್ತಿದ್ದರು. ಪ್ರತಿ ಸಲ “ಹೇಗಿದ್ದೀರಿ?” ಅನ್ನುವುದು, ನಾನು “ಪರವಾಗಿಲ್ಲ ಸರ್” ಅನ್ನುವುದು, ಅವರು “ಗುಡ್” ಅಂತ ಬರೆದುಕೊಳ್ಳುವುದು. ಮನೆಗೆ ಬಂದರೆ ಮತ್ತೆ ಮೂರು ಗಂಟೆಗೆ ಎಚ್ಚರ. ಅವರು ಕೆಟ್ಟವರಲ್ಲ. ನಾನು ಹೇಳಲಿಲ್ಲ, ಅವರಿಗೆ ಗೊತ್ತಾಗಲಿಲ್ಲ. ಸಾರಿಗೆ ಉಪ್ಪೇ ಇಲ್ಲದಿದ್ದರೂ “ಅಡುಗೆ ಚೆನ್ನಾಗಿತ್ತು ಅಕ್ಕ” ಅಂತ ಹೇಳಿ ಕೈ ತೊಳೆಯುವ ಜನ ನಾವು, ಅಷ್ಟು ದೊಡ್ಡವರ ಮುಖಕ್ಕೆ ‘ನಿಮ್ಮಿಂದ ಏನೂ ಉಪಯೋಗ ಆಗ್ತಿಲ್ಲ’ ಅನ್ನುತ್ತೇವಾ?

ಎರಡನೆಯವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಿಜ ಹೇಳಬೇಕೆಂದರೆ ನೋಡಿದ ತಕ್ಷಣ ವಾಪಸ್ ಹೋಗೋಣ ಅನ್ನಿಸಿತ್ತು. ಮೊದಲ ದಿನ ಕೊನೆಯ ಐದು ನಿಮಿಷ ಇರುವಾಗ ಒಂದು ಹಾಳೆಯಲ್ಲಿ ಸ್ಕೇಲ್ ಇಟ್ಟು ನಾಲ್ಕು ಗೆರೆ ಎಳೆದರು. ನಾನು ಹೇಳಿದ್ದು ಅವರಿಗೆ ಅರ್ಥ ಆಯಿತು ಅನ್ನಿಸಿತಾ, ಮಾತಾಡಬೇಕು ಅಂದುಕೊಂಡು ಬಂದಿದ್ದನ್ನೇ ಮಾತಾಡಿದೆವಾ, ಅವರ ರೀತಿ ನನಗೆ ಹೊಂದುತ್ತಾ, ಒಟ್ಟಾರೆ ಹೇಗಿತ್ತು. ಎಡಗಡೆ ತುದಿ ಅಂದರೆ ಇಲ್ಲ, ಬಲಗಡೆ ತುದಿ ಅಂದರೆ ಹೌದು, ನಡುವೆ ಎಲ್ಲಿ ಬೇಕಾದರೂ ಗುರುತು ಹಾಕಿ ಅಂದರು. ನಾನು ನಾಲ್ಕಕ್ಕೂ ಬಲತುದಿಯಲ್ಲೇ ಹಾಕಿ “ಪರವಾಗಿಲ್ಲ ಮೇಡಂ, ಚೆನ್ನಾಗಿತ್ತು” ಅಂದೆ. ಅವರು ನಕ್ಕುಬಿಟ್ಟರು. “ಮೊದಲನೇ ದಿನವೇ ನೂರಕ್ಕೆ ನೂರಾ ಸರ್? ಯಾವುದೋ ಒಂದು ಸರಿ ಹೋಗಿರಲ್ಲ, ಅದನ್ನ ಹೇಳಿ, ನನಗೆ ಅದೇ ಬೇಕಾಗಿರೋದು” ಅಂದರು.

ಮೂರನೇ ವಾರ ಅವರೂ ಎಡವಿದರು. ಜಗಳದ ವಿಷಯ ಹೇಳುತ್ತಿದ್ದಾಗ “ನಿಮ್ಮನ್ನ ನೀವು ಕ್ಷಮಿಸಬೇಕು” ಅಂದುಬಿಟ್ಟರು. ನನಗೆ ಚುರ್ ಅಂತು. ಮುಂದಿನ ವಾರ ಅಂಗಡಿಯಲ್ಲಿ ಕೆಲಸ ಜಾಸ್ತಿ ಅಂತ ಸುಳ್ಳು ಹೇಳಿ ಹೋಗಲಿಲ್ಲ. ಅದರ ಮುಂದಿನ ವಾರ ಹೋದಾಗ ಕೂತ ತಕ್ಷಣ ಅವರೇ ಕೇಳಿದರು, “ಹೋದ ಸಲ ನಾನಂದಿದ್ದು ನಿಮಗೆ ಚುಚ್ಚಿತು ಅನ್ಸುತ್ತೆ. ಆತುರ ಪಟ್ಟೆನಾ?” ಹೌದು ಅಂದೆ. ಆ ಒಂದು ‘ಹೌದು’ ಆದಮೇಲೆ ತಿನ್ನದೇ ಬಿಟ್ಟ ತಿಂಡಿ ಏನು, ಅಪ್ಪ ಬಾಗಿಲ ತನಕ ಬಂದು ಏನು ಕೂಗಿದ್ದರು, ಎಲ್ಲ ಹೇಳಿದೆ. ಹೆಂಡತಿಗೂ ಹೇಳಿರಲಿಲ್ಲ.

ಇದು ನನ್ನೊಬ್ಬನ ಕಥೆ ಅಂದುಕೊಂಡಿದ್ದೆ. ಹೋದ ವರ್ಷ ಸೈಕಾಲಜಿ ಎಂ.ಎಸ್ಸಿ. ಹುಡುಗಿಯೊಬ್ಬಳು ಬೈಂಡಿಂಗ್‌ಗೆ ಕೊಟ್ಟ ಪ್ರಾಜೆಕ್ಟ್ ಇದೇ ವಿಷಯದ್ದು, ಪುಟ ಜೋಡಿಸುತ್ತಾ ಓದಿದೆ, ಅರ್ಥ ಆಗದ್ದನ್ನು ಅವಳೇ ಕೂತು ವಿವರಿಸಿದಳು. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 170 ಥೆರಪಿಸ್ಟ್‌ಗಳ ಬಳಿ ಬಂದಿದ್ದ 6,500ಕ್ಕೂ ಹೆಚ್ಚು ಜನರ ದಾಖಲೆ ನೋಡಿದ್ದಾರೆ. ವರ್ಷ ಕಳೆದ ಹಾಗೆ ಥೆರಪಿಸ್ಟ್‌ಗಳ ಫಲಿತಾಂಶ ಸರಾಸರಿಯಲ್ಲಿ ಏರಲಿಲ್ಲ, ಒಂಚೂರು ಇಳಿದಿತ್ತು. ಏರಿದವರೂ ಕೆಲವರಿದ್ದರು ಅನ್ನಿ. 2005ರ ಇನ್ನೊಂದರಲ್ಲಿ 550 ಜನರಲ್ಲಿ ಯಾರ ಸ್ಥಿತಿ ಕೆಡಬಹುದು ಅಂತ ಥೆರಪಿಸ್ಟ್‌ಗಳನ್ನೇ ಕೇಳಿದರು. ಅವರು ಹೇಳಿದ್ದು ಮೂರೇ ಜನ. ಕೊನೆಗೆ ಕೆಟ್ಟಿದ್ದು ನಲವತ್ತು ಜನರದ್ದು!

ಇದು ಯಾಕೆ ಹೀಗೆ ಅಂತ ನನ್ನಂಥ ಅಂಗಡಿಯವನಿಗೆ ಬೇಗ ಹೊಳೆಯುತ್ತೆ. ನಾನು ಬೈಂಡಿಂಗ್ ಕೆಡಿಸಿದರೆ ಪುಟ ಕೈಗೆ ಬರುತ್ತೆ, ಹುಡುಗರು ಮಾರನೇ ದಿನವೇ ತಂದು ಟೇಬಲ್ ಮೇಲೆ ಎಸೀತಾರೆ, ನಾನು ಅಂಟು ಬದಲಾಯಿಸ್ತೀನಿ. ಥೆರಪಿ ಕೆಟ್ಟರೆ ಬಂದವನು ಬೈಯಲ್ಲ, ಬರೋದನ್ನ ನಿಲ್ಲಿಸ್ತಾನೆ ಅಷ್ಟೆ. ವಾಸಿ ಆಗಿ ನಿಲ್ಲಿಸಿದನೋ ಬೇಸತ್ತು ನಿಲ್ಲಿಸಿದನೋ, ಕೇಳದೇ ಹೇಗೆ ಗೊತ್ತಾಗಬೇಕು? ಕೇಳದಿದ್ದರೆ ಇಪ್ಪತ್ತು ವರ್ಷದ ಅನುಭವ ಅಂದರೆ ಒಂದೇ ವರ್ಷವನ್ನು ಇಪ್ಪತ್ತು ಸಲ ಝೆರಾಕ್ಸ್ ಮಾಡಿದ ಹಾಗೆ. ಕಾರ್ಲ್ ರೋಜರ್ಸ್ ಅನ್ನುವ ಮನಶ್ಶಾಸ್ತ್ರಜ್ಞ 1957ರಲ್ಲೇ ಬರೆದಿದ್ದಾರಂತೆ, ಥೆರಪಿಸ್ಟ್‌ಗೆ ಕಾಳಜಿ ಇದ್ದರೆ ಸಾಲದು, ಅದು ಒಂದಿಷ್ಟಾದರೂ ಎದುರು ಕೂತವನಿಗೆ ತಲುಪಿರಬೇಕು ಅಂತ. ನನ್ನ ಮೊದಲನೆಯವರ ಕಾಳಜಿ ಟೇಬಲ್ಲಿನ ಆ ಕಡೆಯೇ ಉಳಿದುಹೋಗಿತ್ತು.

ಹಾಗಂತ ಡಿಗ್ರಿ ಬೇಡ ಅನ್ನುತ್ತಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ನೋಡಲೇಬೇಕು, ‘ಕೌನ್ಸೆಲರ್’ ಅಂತ ಬೋರ್ಡ್ ಹಾಕಿಕೊಂಡವರೆಲ್ಲ ಓದಿದವರಾಗಿರುವುದಿಲ್ಲ. ಮಾತ್ರೆ ಬೇಕಾದ ಕಾಯಿಲೆಗೆ ಮಾತ್ರೆಯೇ ಬೇಕು. ಎಲ್ಲಿಗೆ ಹೋಗುವುದು ಅಂತಲೇ ಗೊತ್ತಿಲ್ಲದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ಲೇಖನದ ಪಕ್ಕದಲ್ಲಿ ‘ಮೊದಲ ಭೇಟಿಯಲ್ಲಿ ಕೇಳಿ’ ಅಂತ ಪ್ರಶ್ನೆಗಳ ಬಾಕ್ಸ್ ಇತ್ತಲ್ವಾ, ಮುಂದಿನ ಸಲ ಅದಕ್ಕೆ ಇದನ್ನೂ ಸೇರಿಸಿ: “ನನಗೆ ಉಪಯೋಗ ಆಗ್ತಿಲ್ಲ ಅಂದರೆ ಅದು ನಿಮಗೆ ಹೇಗೆ ಗೊತ್ತಾಗುತ್ತೆ?” ಈ ಪ್ರಶ್ನೆಗೆ ಮುಖ ಗಂಟು ಹಾಕಿಕೊಳ್ಳುವವರ ಹತ್ತಿರ ನಾನಂತೂ ಇನ್ನು ಹೋಗುವುದಿಲ್ಲ.

— ಬೈಂಡಿಂಗ್ ಅಂಗಡಿಯವನು, ತುಮಕೂರು
(ಹೆಸರು ಹಾಕಬೇಡಿ, ಗಿರಾಕಿಗಳು ಓದುತ್ತಾರೆ)